ಉಳುಕಿಗೆ ಕೊಟ್ಟ ಜೆಲ್

ಉಡುಪಿ ಪೇಟೆಯ ಒಂದು ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತು ನನಗೆ 18 ವರ್ಷ ಆಯಿತು. ಉಳುಕಿಗೆ ಎಷ್ಟು ಜೆಲ್ ಟ್ಯೂಬ್ ಮಾರಿದ್ದೇನೋ ಲೆಕ್ಕ ಇಟ್ಟವರಿಲ್ಲ. ಮಲ್ಪೆಯಲ್ಲಿ ಬಲೆ ಎಳೆಯುವವರಿಗೆ ಸೊಂಟ, ತೆಂಗಿನಕಾಯಿ ಕೀಳುವವರಿಗೆ ಭುಜ, ಬ್ಯಾಂಕಿನವರಿಗೆ ಕುತ್ತಿಗೆ. ಅದರಲ್ಲಿ ಒಂದೇ ಒಂದು ಟ್ಯೂಬ್ ಇವತ್ತಿಗೂ ತಲೆಯಿಂದ ಹೋಗಿಲ್ಲ.

ಶನಿವಾರ ರಾತ್ರಿ. ಶಟರ್ ಅರ್ಧ ಎಳೆದಾಗಿತ್ತು. ಪರಿಚಯದ ಹೆಂಗಸು ಓಡಿಕೊಂಡು ಬಂದರು. "ಅಣ್ಣ, ಮಗನಿಗೆ ಕುತ್ತಿಗೆ ಹಿಡಿದುಬಿಟ್ಟಿದೆ. ಉಳುಕಿರಬೇಕು. ಎಂತಾದ್ರೂ ಕೊಡಿ ಮಾರಾಯ್ರೆ." ನಾನು ಒಂದು ಜೆಲ್, ನಾಲ್ಕು ನೋವಿನ ಮಾತ್ರೆ ಕೊಟ್ಟೆ. ಬಿಸಿ ನೀರಿನ ಶಾಖ ಕೊಡಿ ಅಂದೆ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮನೆಗೆ ಹೋಗುವ ಅವಸರ, ಬೇರೆ ಏನೂ ಅಲ್ಲ.

ಕ್ಯಾಶ್ ಎಣಿಸಿ ಮುಗಿಸುವಷ್ಟರಲ್ಲಿ ಒಂದು ರಿಕ್ಷಾ ಬಂದು ನಿಂತಿತು. ಒಳಗೆ ಆ ಹುಡುಗ. ವಯಸ್ಸು ಇಪ್ಪತ್ತರ ಆಸುಪಾಸು. ತಲೆ ಎಡ ಭುಜದ ಕಡೆಗೆ ತಿರುಚಿಕೊಂಡು ಅಲ್ಲೇ ನಿಂತಿತ್ತು. ಕಣ್ಣುಗುಡ್ಡೆ ಎರಡೂ ಮೇಲಕ್ಕೆ ಸಿಕ್ಕಿಹಾಕಿಕೊಂಡಿದ್ದವು, ನಮ್ಮ ಅಂಗಡಿಯ ಬೋರ್ಡ್ ಓದುತ್ತಾ ಇದ್ದಾನೇನೋ ಅನ್ನುವ ಹಾಗೆ. ನಾಲಿಗೆ ಹೊರಗೆ ನೂಕುತ್ತಿತ್ತು, ಮಾತು ತೊದಲುತ್ತಿತ್ತು. ಆದರೆ ಪ್ರಜ್ಞೆ ಪೂರ್ತಿ ಇತ್ತು. ಅದೇ ನೋಡಲಿಕ್ಕೆ ಕಷ್ಟವಾದದ್ದು. ಅವನಿಗೆ ಎಲ್ಲ ಗೊತ್ತಾಗುತ್ತಿತ್ತು, ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಕುತ್ತಿಗೆಗೆ ಹಚ್ಚಿದ ನನ್ನ ಜೆಲ್ ವಾಸನೆ ರಿಕ್ಷಾ ತುಂಬಾ. ಪಕ್ಕದಲ್ಲಿ ಕೂತ ಅಜ್ಜಿ, "ಇದು ಮೈಮೇಲೆ ಬಂದದ್ದು, ಜಾಗೆಯ ದೈವಕ್ಕೆ ಹೇಳಿದ ಹರಕೆ ಬಾಕಿ ಉಂಟು" ಅಂತ ಹೇಳುತ್ತಲೇ ಇದ್ದರು. ಕೋಲ ನೋಡಿ ಬೆಳೆದ ನಮ್ಮ ಊರಿನಲ್ಲಿ ಹಾಗೆ ಅನ್ನಿಸಿದರೆ ತಪ್ಪು ಅನ್ನಲಾರೆ.

"ಅಕ್ಕ, ಇವನು ಹೊಸದಾಗಿ ಎಂತಾದ್ರೂ ಮಾತ್ರೆ ತಗೊಳ್ತಾ ಇದ್ದಾನಾ?"

ಆಕೆ ರಿಕ್ಷಾದವನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ನಿದ್ರೆಯ ಮಾತ್ರೆ" ಅಂದರು. ವ್ಯಾನಿಟಿ ಬ್ಯಾಗಿನಿಂದ ಸ್ಟ್ರಿಪ್ ತೆಗೆದರು. ಹ್ಯಾಲೊಪೆರಿಡಾಲ್, ಮನೋರೋಗದ ಮದ್ದು. ಶುರು ಮಾಡಿ ಮೂರನೇ ದಿನ.

ಉಳುಕು ಅಲ್ಲ, ಡಿಸ್ಟೋನಿಯಾ. ಮದ್ದಿನಿಂದಾಗಿ ಸ್ನಾಯು ತಾನಾಗಿ ಬಿಗಿದು ತಿರುಚಿಕೊಳ್ಳುವುದು. ಓದಿದ್ದು ನೆನಪಿತ್ತು, ಕಣ್ಣಾರೆ ನೋಡಿರಲಿಲ್ಲ. ಗಂಟಲಿನ ಸ್ನಾಯು ಹಿಡಿದುಕೊಂಡರೆ ಉಸಿರಿಗೇ ತೊಂದರೆ ಆಗಬಹುದು. ಶಟರ್ ಎಳೆದು ನಾನೂ ರಿಕ್ಷಾ ಹತ್ತಿದೆ. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಸ್ಟ್ರಿಪ್ ತೋರಿಸಿದ್ದೇ ತಡ, ಡ್ಯೂಟಿ ಡಾಕ್ಟ್ರು ಪ್ರೊಮೆಥಜಿನ್ ಇಂಜೆಕ್ಷನ್ ಹಾಕಿಸಿದರು. ಅರ್ಧ ಗಂಟೆ ಆಗುವಾಗ ಕುತ್ತಿಗೆ ತನ್ನಷ್ಟಕ್ಕೆ ನೇರವಾಯಿತು. ಹುಡುಗ ಮೊದಲು ಕೇಳಿದ್ದು ನೀರು.

ಇಷ್ಟರಲ್ಲಿ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ವಾರ ಆ ಅಕ್ಕ ಪುನಃ ಬಂದರು. ಡಾಕ್ಟ್ರು ಮಾತ್ರೆ ಬದಲಿಸಿದ್ದರು, ಹೊಸದನ್ನು ತೀರಾ ಕಡಿಮೆ ಡೋಸಿನಲ್ಲಿ ಶುರು ಮಾಡಿದ್ದರು. ನಾನು ಸ್ಟ್ರಿಪ್ ಕತ್ತರಿಸುವಾಗ ಆಕೆ ಸುಮ್ನೆ ಮಾತಿಗೆ ಅಂತ ಹೇಳಿದರು: "ನನ್ನ ತಮ್ಮನಿಗೂ ಸಣ್ಣದರಲ್ಲಿ ಒಮ್ಮೆ ಹೀಗೇ ಆಗಿತ್ತು. ವಾಂತಿಗೆ ಇಂಜೆಕ್ಷನ್ ಕೊಟ್ಟದ್ದು. ಸಂಜೆ ಕುತ್ತಿಗೆ ತಿರುಗಿ ಹೋಯ್ತು. ಆಗ ದೃಷ್ಟಿ ಅಂತ ನೀವಾಳಿಸಿ ತೆಗೆದಿದ್ದೆವು."

ನನ್ನ ಕತ್ತರಿ ಅಲ್ಲೇ ನಿಂತಿತು.

ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮತ್ತು ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ನಮ್ಮ ಕಪಾಟಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಮೆದುಳಿನೊಳಗೆ ಎರಡೂ ಹೋಗಿ ಮುಟ್ಟುವುದು ಒಂದೇ ಬಾಗಿಲಿಗೆ, ನರಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್‌ನ ಡಿ2 ರಿಸೆಪ್ಟರ್‌ಗೆ. ಭ್ರಮೆ ಕಡಿಮೆ ಮಾಡಲು ಈ ಬಾಗಿಲುಗಳಲ್ಲಿ ನೂರಕ್ಕೆ ಸುಮಾರು 65ರಷ್ಟನ್ನು ಮುಚ್ಚಿದರೆ ಸಾಕಾಗುತ್ತದೆ. 80ರ ಹತ್ತಿರ ಹೋದರೆ ಕೈಕಾಲು, ಕುತ್ತಿಗೆ, ದವಡೆ ತಕರಾರು ತೆಗೆಯುತ್ತವೆ. ಕೈಕಾಲಿನ ಚಲನೆಗೂ ಡೋಪಮೈನೇ ಬೇಕಲ್ಲ. ಮದ್ದು ಮತ್ತು ತೊಂದರೆಯ ನಡುವಿನ ಜಾಗ ಅಷ್ಟು ಇಕ್ಕಟ್ಟು. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜಿನ್ ಅನ್ನುವ ಮನೋರೋಗದ ಮೊದಲ ಇಂಥ ಮದ್ದು ಬಳಕೆಗೆ ಬಂದಾಗಿನಿಂದ ವೈದ್ಯರು ಈ ಇಕ್ಕಟ್ಟಿನಲ್ಲೇ ಓಡಾಡುತ್ತಿದ್ದಾರೆ.

ಆ ರಾತ್ರಿ ನನ್ನ ಜೊತೆ ಬಿ.ಫಾರ್ಮಾ ಓದಿದ ಗೆಳೆಯನಿಗೆ ಫೋನ್ ಮಾಡಿದೆ. ಅವನು ಕ್ಲಿನಿಕಲ್ ಫಾರ್ಮಸಿಯಲ್ಲಿ ಇರುವವನು. ಮಾವನ ಕಥೆ, ಅಳಿಯನ ಕಥೆ ಎರಡೂ ಹೇಳಿದೆ. "ಅಳಿಯಸಂತಾನದ ಊರು ಮಾರಾಯ, ಆಸ್ತಿಯ ಜೊತೆ ಇದೂ ಮಾವನಿಂದ ಬಂತಾ?" ಅಂತ ತಮಾಷೆ ಮಾಡಿದೆ. ಅವನು ನಗಲಿಲ್ಲ.

ಅವನು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಲಿವರ್‌ನಲ್ಲಿ ಸಿವೈಪಿ2ಡಿ6 ಅಂತ ಒಂದು ಕಿಣ್ವ ಇದೆ. ಅದರ ಜೀನ್ ಇರುವುದು 22ನೇ ಕ್ರೋಮೋಸೋಮಿನಲ್ಲಿ. ಹ್ಯಾಲೊಪೆರಿಡಾಲ್, ಮನೋರೋಗದ್ದೇ ಇನ್ನೊಂದು ಮದ್ದು ರಿಸ್ಪೆರಿಡೋನ್, ಮೆಟೊಕ್ಲೋಪ್ರಮೈಡ್, ಇವೆಲ್ಲ ಪೂರ್ತಿಯಾಗಿಯೋ ಸ್ವಲ್ಪವೋ ಈ ಗೇಟಿನಿಂದಲೇ ಹೊರಗೆ ಹೋಗುವಂಥವು. ಇದನ್ನು ನಮ್ಮ ಕಲ್ಸಂಕ ಜಂಕ್ಷನ್ ಅಂತ ಇಟ್ಟುಕೊಳ್ಳಿ. ಕೆಲವರಿಗೆ ಹುಟ್ಟುವಾಗಲೇ ಅಲ್ಲಿ ರಸ್ತೆ ಸಪೂರ, ಇನ್ನು ಕೆಲವರಿಗೆ ರಸ್ತೆಯೇ ಇಲ್ಲ. ಎಲ್ಲರಿಗೂ ಕೊಡುವ ಡೋಸೇ ಕೊಟ್ಟರೂ ಅವರ ರಕ್ತದಲ್ಲಿ ಮದ್ದು ಸಿಟಿ ಬಸ್ ಸ್ಟ್ಯಾಂಡ್ ತನಕ ಸಾಲು ನಿಲ್ಲುತ್ತದೆ. ಯುರೋಪ್ ಮೂಲದವರಲ್ಲಿ ಈ ಕಿಣ್ವ ಕೆಲಸವೇ ಮಾಡದವರು ನೂರಕ್ಕೆ 5ರಿಂದ 10 ಜನ. ಏಷ್ಯಾದಲ್ಲಿ ಅದಕ್ಕಿಂತ ಕಡಿಮೆ. ಆದರೆ ದಿನಕ್ಕೆ ನೂರಾರು ಚೀಟಿ ನೋಡುವ ಕೌಂಟರಿನಲ್ಲಿ ಕಡಿಮೆ ಅಂದರೂ ಯಾರೋ ಒಬ್ಬರು ಇದ್ದೇ ಇರುತ್ತಾರೆ.

ಒಂದು ಮಾತು ಅವನು ಒತ್ತಿ ಹೇಳಿದ. ರಸ್ತೆ ಪೂರ್ತಿ ಬಂದ್ ಆಗಲು ತಾಯಿ ಕಡೆಯಿಂದ ಒಂದು, ತಂದೆ ಕಡೆಯಿಂದ ಒಂದು, ಹೀಗೆ ಎರಡು ಹಾಳಾದ ಪ್ರತಿ ಬರಬೇಕು. ಹಾಗಾಗಿ ಅಪ್ಪ ಅಮ್ಮ ಇಬ್ಬರಿಗೂ ಏನೂ ಆಗದೆ ಮಗನಿಗೆ ಆಗಬಹುದು. ಮಾವನಿಗೆ ಆಗಿತ್ತು ಅನ್ನುವುದು ಒಂದು ಸುಳಿವು, ಅಷ್ಟೇ. ಸಾಕ್ಷಿ ಅಲ್ಲ.

"ಅದಿರಲಿ, ಹುಡುಗ ಬೇರೆ ಮಾತ್ರೆ ಯಾವುದು ತಗೊಳ್ತಿದ್ದ?" ಅಂತ ಕೇಳಿದ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ತೆರೆದು ಅವರ ಹೆಸರಿನ ಹಳೇ ಬಿಲ್ ನೋಡಿದೆ. ಫ್ಲುಆಕ್ಸೆಟಿನ್, ಖಿನ್ನತೆಯ ಮಾತ್ರೆ. ನಾಲ್ಕು ತಿಂಗಳು. ಬರೆದದ್ದು ಬೇರೆ ಊರಿನ ಬೇರೆ ಡಾಕ್ಟ್ರು, ಕೊಟ್ಟದ್ದು ನಾನೇ. ಫ್ಲುಆಕ್ಸೆಟಿನ್ ಅಂದರೆ ಅದೇ ಕಲ್ಸಂಕದಲ್ಲಿ ಅಡ್ಡ ನಿಂತ ಲಾರಿ. ಜೀನ್ ಚೆನ್ನಾಗಿದ್ದವರಲ್ಲೂ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಹುಟ್ಟಿನಿಂದ ರಸ್ತೆ ಅಗಲವೇ ಇದ್ದರೂ ಈ ಮಾತ್ರೆ ನುಂಗುವಷ್ಟು ದಿನ ಅವನು ರಸ್ತೆ ಇಲ್ಲದವನ ಹಾಗೆಯೇ. ಎರಡು ವಾರದ ಹಿಂದೆ ನಿಲ್ಲಿಸಿದ್ದ ಅಂತ ತಾಯಿ ಹೇಳಿದರು. ಬೇರೆ ಮಾತ್ರೆ ಆಗಿದ್ದರೆ ಸರಿ. ಫ್ಲುಆಕ್ಸೆಟಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಹೊಸ ಡಾಕ್ಟ್ರು "ಈಗ ಬೇರೆ ಮಾತ್ರೆ ಏನಾದ್ರೂ ಉಂಟಾ" ಅಂತ ಕೇಳಿದ್ದರಂತೆ. ಇವರು ಇಲ್ಲ ಅಂದಿದ್ದಾರೆ. ಸುಳ್ಳು ಹೇಳಲಿಲ್ಲ ಅವರು. ಗೊತ್ತಿದ್ದದ್ದು ನನ್ನ ಕಂಪ್ಯೂಟರಿಗೆ ಮಾತ್ರ.

ಹಾಗಾದರೆ ತಪ್ಪು ಜೀನಿನದ್ದಾ, ಫ್ಲುಆಕ್ಸೆಟಿನ್‌ದ್ದಾ? ಪ್ರಾಯದ ಗಂಡು ಹುಡುಗರಿಗೆ ಹ್ಯಾಲೊಪೆರಿಡಾಲ್‌ನ ಮೊದಲ ಕೆಲವು ದಿನಗಳಲ್ಲಿ ಡಿಸ್ಟೋನಿಯಾ ಬರುವುದು ಹೇಗೂ ಜಾಸ್ತಿ. ಮೂರೂ ಸೇರಿರಬಹುದು. ಜೀನ್ ಟೆಸ್ಟ್ ಮಾಡಿಸಬೇಕಾ ಅಂತ ತಾಯಿ ಕೇಳಿದ್ದಕ್ಕೆ ಡಾಕ್ಟ್ರು, "ಈಗ ಅದರಿಂದ ನಾನು ಮಾಡುವ ಕೆಲಸ ಬದಲಾಗುವುದಿಲ್ಲ, ಡೋಸ್ ಹೇಗೂ ಕಡಿಮೆ ಇಟ್ಟಿದ್ದೇನೆ" ಅಂದರಂತೆ. ಅದು ನನಗೂ ಸರಿ ಅನ್ನಿಸಿತು. ಟೆಸ್ಟ್ ದಂಡ ಅಂತಲ್ಲ. ಹ್ಯಾಲೊಪೆರಿಡಾಲ್ ಜಾತಿಯದ್ದೇ ಆದ ಪಿಮೊಝೈಡ್ ಅನ್ನುವ ಮಾತ್ರೆಯನ್ನು ದಿನಕ್ಕೆ 4 ಮಿಲಿಗ್ರಾಂ ದಾಟಿಸುವ ಮೊದಲು ಸಿವೈಪಿ2ಡಿ6 ಟೆಸ್ಟ್ ಮಾಡಿಸಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಲೇಬಲ್ಲಿನಲ್ಲೇ ಇದೆ. ನೆದರ್‌ಲ್ಯಾಂಡ್ಸ್‌ನ ಫಾರ್ಮಸಿಸ್ಟರ ಮಾರ್ಗಸೂಚಿ, ಈ ಕಿಣ್ವ ಇಲ್ಲದವರಿಗೆ ರಿಸ್ಪೆರಿಡೋನ್ ಡೋಸನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಲು ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟು ದೂರ ಹೋಗುವ ಮೊದಲೇ ಸಿಗುವ ಟೆಸ್ಟ್ ಒಂದಿದೆ. ಅಜ್ಜಿಯ ಬಾಯಿ. ಅದಕ್ಕೆ ದುಡ್ಡು ಬೇಡ, ಪ್ರಶ್ನೆ ಮಾತ್ರ ಸರಿ ಇರಬೇಕು.

ನಾವು ಕೇಳುವ ಪ್ರಶ್ನೆ ಸರಿ ಇರಲಿಲ್ಲ. "ಮನೆಯಲ್ಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಉಂಟಾ?" ಅಂದರೆ ಯಾರು ಹೌದು ಅನ್ನುತ್ತಾರೆ? ಅದರಲ್ಲೂ ಕೌಂಟರಿನಲ್ಲಿ ಇನ್ನೂ ನಾಲ್ಕು ಜನ ನಿಂತಿರುವಾಗ? "ಅಲರ್ಜಿ ಉಂಟಾ?" ಅಂದರೆ ಸಿಗಡಿ ತಿಂದರೆ ತುರಿಕೆ ಅನ್ನುತ್ತಾರೆ. ನಾನೀಗ ಕೇಳುವುದು ಹೀಗೆ: "ವಾಂತಿಗೋ ನಿದ್ರೆಗೋ ಮದ್ದು ತಗೊಂಡು ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಕುತ್ತಿಗೆ ತಿರುಗಿದ್ದು, ದವಡೆ ಹಿಡಿದದ್ದು, ಕಣ್ಣು ಮೇಲೆ ಹೋದದ್ದು ಉಂಟಾ? ಅಮ್ಮನ ಕಡೆ? ಅಪ್ಪನ ಕಡೆ?" ವಾಂತಿ ಅಂದರೆ ಯಾರಿಗೂ ನಾಚಿಕೆ ಇಲ್ಲ. ಕಥೆ ತಾನಾಗಿ ಬರುತ್ತದೆ. ಸ್ವಲ್ಪ ಜಾಸ್ತಿಯೇ ಬರುತ್ತದೆ, ಅದು ಬೇರೆ ಮಾತು.

ಇನ್ನೊಬ್ಬರ ವಿಷಯ. 15 ವರ್ಷದಿಂದ ನಮ್ಮಲ್ಲೇ ಮನೋರೋಗದ ಮಾತ್ರೆ ಒಯ್ಯುವ ಒಬ್ಬರು ಅಜ್ಜಿ ಇದ್ದಾರೆ. ಬಂದಾಗಲೆಲ್ಲ ಬಾಯಿ ಆಡುತ್ತಲೇ ಇರುತ್ತಿತ್ತು. ಎಲೆ ಅಡಿಕೆ ಅಂದುಕೊಂಡಿದ್ದೆ, ಬೇರೆ ಯೋಚನೆಯೇ ಬಂದಿರಲಿಲ್ಲ. ಆ ಹುಡುಗನ ಕಥೆ ಆದ ಮೇಲೆ ಒಂದು ದಿನ ಸರಿಯಾಗಿ ನೋಡಿದೆ. ತುಟಿ ಕೆಂಪಿಲ್ಲ. ಬಾಯಲ್ಲಿ ಏನೂ ಇಲ್ಲ. ನಾಲಿಗೆ ಒಳಗೆ ಸುತ್ತುತ್ತಿದೆ, ತುಟಿ ಚಪ್ಪರಿಸುತ್ತಿದೆ, ಅಜ್ಜಿಗೆ ಅದರ ಗೊಡವೆಯೇ ಇಲ್ಲ. ಇದು ಟಾರ್ಡಿವ್ ಡಿಸ್ಕಿನೇಶಿಯಾ. ಡಿಸ್ಟೋನಿಯಾ ಮೂರು ದಿನದಲ್ಲಿ ಬಂದರೆ ಇದು ತಿಂಗಳು, ವರ್ಷ ಕಳೆದು ಬರುತ್ತದೆ. ಮದ್ದು ನಿಲ್ಲಿಸಿದರೂ ಕೆಲವೊಮ್ಮೆ ಹೋಗುವುದಿಲ್ಲ. ಅಜ್ಜಿ ನಡುಕಕ್ಕೆ ಅಂತ ಟ್ರೈಹೆಕ್ಸಿಫೆನಿಡಿಲ್ ಕೂಡ ವರ್ಷಗಳಿಂದ ನುಂಗುತ್ತಿದ್ದರು. ಅದು ಡಿಸ್ಟೋನಿಯಾಕ್ಕೆ ಒಳ್ಳೆಯದು, ಈ ಬಾಯಾಡಿಸುವುದನ್ನು ಮಾತ್ರ ಕೆಲವರಲ್ಲಿ ಇನ್ನೂ ಹೆಚ್ಚಿಸುತ್ತದೆ. ಡಾಕ್ಟರಿಗೆ ಒಂದು ಚೀಟಿ ಬರೆದು ಮಗನ ಕೈಯಲ್ಲಿ ಕಳಿಸಿದೆ. ಸುಮ್ನೆ ಮಾತ್ರೆ ನಿಲ್ಲಿಸಬೇಡಿ ಅಂತ ಎರಡು ಸಲ ಹೇಳಿದೆ. ಕಾಯಿಲೆ ಮರುಕಳಿಸಿದರೆ ಬಾಯಾಡಿಸುವುದಕ್ಕಿಂತ ಅದು ದೊಡ್ಡ ತಲೆನೋವು.

ಟಾರ್ಡಿವ್ ಡಿಸ್ಕಿನೇಶಿಯಾದ ಜೀನ್ ಯಾವುದು ಅಂತ ಹುಡುಕಿದವರು ಬಹಳ. ಡಿಆರ್‌ಡಿ3 ಅನ್ನುವ, ಡೋಪಮೈನಿನ ಇನ್ನೊಂದು ರಿಸೆಪ್ಟರಿನ ಜೀನಿನಲ್ಲಿ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ 9ನೇ ಜಾಗದಲ್ಲಿ ಸೆರೀನ್ ಬದಲು ಗ್ಲೈಸೀನ್ ಬರುವುದರ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆದಿದೆ. ಡಿಆರ್‌ಡಿ2, ಸೆರೊಟೋನಿನ್‌ನ ರಿಸೆಪ್ಟರ್ ಜೀನ್, ಹೀಗೆ ಪಟ್ಟಿ ಉದ್ದ. ಒಂದು ಕಡೆ ಸಂಬಂಧ ಕಂಡರೆ ಇನ್ನೊಂದು ಕಡೆ ಕಾಣುವುದಿಲ್ಲ. ಕಂಡರೂ ಸಣ್ಣದು. ವಯಸ್ಸು, ಡೋಸ್, ಎಷ್ಟು ವರ್ಷ ನುಂಗಿದ್ದು, ಈ ಮೂರರ ಮುಂದೆ ಒಂದೊಂದು ಜೀನ್ ಲೆಕ್ಕಕ್ಕೆ ಸಿಗುವುದು ಕಷ್ಟ. ಅಜ್ಜಿಯ ವಿಷಯದಲ್ಲಿ ಆ ಮೂರೂ ನನ್ನ ಬಿಲ್ ಪುಸ್ತಕದಲ್ಲೇ ಇದ್ದವು, ಅಲ್ವಾ?

ಈಗ ಅಂಗಡಿಯ ಸಾಫ್ಟ್‌ವೇರಿನಲ್ಲಿ ಹೆಸರಿನ ಕೆಳಗೆ ಖಾಲಿ ಇದ್ದ ಜಾಗದಲ್ಲಿ ನಾಲ್ಕು ಶಬ್ದ ಟೈಪ್ ಮಾಡುತ್ತೇನೆ. "ಮಾವನಿಗೆ ಕುತ್ತಿಗೆ, ವಾಂತಿ ಇಂಜೆಕ್ಷನ್." ಹುಡುಗನ ತಾಯಿಗೆ ಅದನ್ನೇ ಒಂದು ಸಣ್ಣ ಕಾರ್ಡಿನಲ್ಲಿ ಬರೆದು, ಮದ್ದಿನ ಹೆಸರು ದೊಡ್ಡ ಅಕ್ಷರದಲ್ಲಿ ಹಾಕಿ ಕೊಟ್ಟಿದ್ದೆ. ಇಟ್ಟುಕೊಳ್ಳುತ್ತಾರೆ ಅಂತ ನಂಬಿಕೆ ಇರಲಿಲ್ಲ. ನಮ್ಮವರು ಕಾರ್ಡನ್ನು ದೇವರ ಫೋಟೋದ ಹಿಂದೆ ಇಟ್ಟು ಮರೆಯುವವರು.

ಕಳೆದ ಮಳೆಗಾಲದಲ್ಲಿ ಅವರ ಮಗಳಿಗೆ ವಾಂತಿ ಭೇದಿ. ಕ್ಲಿನಿಕ್ಕಿನ ಚೀಟಿ ಹಿಡಿದು ಬಂದರು. ಕೊಡೆ ಮಡಚಿ, ಚೀಟಿ ಕೊಡುವ ಮೊದಲು ಪರ್ಸಿನಿಂದ ಆ ಕಾರ್ಡ್ ತೆಗೆದು ಕೌಂಟರ್ ಮೇಲೆ ಇಟ್ಟರು. ಪ್ಲಾಸ್ಟಿಕ್ ಕವರ್ ಹಾಕಿಸಿದ್ದರು. ಚೀಟಿಯಲ್ಲಿ ಎರಡನೇ ಸಾಲು ಮೆಟೊಕ್ಲೋಪ್ರಮೈಡ್. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟ್ರು ಎರಡು ಮಾತು ಕೇಳಿ, "ಒಂಡಾನ್ಸೆಟ್ರಾನ್ ಕೊಡಿ, ಅದು ಆ ಡೋಪಮೈನ್ ಬಾಗಿಲಿಗೆ ಹೋಗುವುದಿಲ್ಲ" ಅಂದರು. ಸ್ಟ್ರಿಪ್ ಕತ್ತರಿಸಿ ಕೊಟ್ಟೆ. ಅಕ್ಕ ಕಾರ್ಡಿನ ಮೇಲೆ ಬಿದ್ದ ಮಳೆ ಹನಿ ಸೆರಗಿನಲ್ಲಿ ಒರೆಸಿ ಪುನಃ ಪರ್ಸಿಗೆ ಹಾಕಿಕೊಂಡರು.