ಒಂಬತ್ತನೆಯ ಹೆಸರು

ಆ ವರ್ಷದ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ಮಾಡಿದವನು ನಾನು. ಯಾರಿಗೂ ನೆನಪಿರಲಿಕ್ಕಿಲ್ಲ. ವಂದನಾರ್ಪಣೆ ಶುರುವಾಗುವ ಹೊತ್ತಿಗೆ ಅರ್ಧ ಸಭೆ ಎದ್ದು ಊಟದ ಕಡೆ ಹೊರಟಿರುತ್ತದೆ, ಅಲ್ವಾ? ನಾನಂತೂ ಮೂರು ದಿನ ಕನ್ನಡಿ ಮುಂದೆ ನಿಂತು ಉರು ಹೊಡೆದಿದ್ದೆ. ಮುಖ್ಯ ಅತಿಥಿ, ಅಧ್ಯಕ್ಷರು, ಪ್ರಿನ್ಸಿಪಾಲರು, ಮೈಕ್ ಸೆಟ್‌ನವರು, ಕುರ್ಚಿ ಬಾಡಿಗೆಗೆ ಕೊಟ್ಟವರು, ಒಬ್ಬರನ್ನೂ ಬಿಡದೆ ಹೆಸರು ಹಿಡಿದು ಹೇಳಿದೆ. ಕೊನೆಗೆ ಉಸಿರೆಳೆದುಕೊಂಡು, "ಹಾಗೆಯೇ ಅಡುಗೆಮನೆಯಲ್ಲಿ ದುಡಿದ ಎಲ್ಲ ಸಹೋದರಿಯರಿಗೂ" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಚೆನ್ನಾಗಿಯೇ ಬಿತ್ತು.

ಮರುದಿನ ಮೊದಲ ಪೀರಿಯಡ್ ಬೈಬಲ್ ಕ್ಲಾಸು. ಟೀಚರ್ ಹಾಜರಿ ಕೂಗಿ, ಪುಸ್ತಕ ಮುಚ್ಚಿ, ನನ್ನನ್ನು ಎಬ್ಬಿಸಿದರು.

"ನಿನ್ನೆ ಅಡುಗೆಮನೆಯಲ್ಲಿ ಎಷ್ಟು ಜನ ಇದ್ರು?"

ಆರೋ ಏಳೋ ಅಂದೆ.

"ಒಂಬತ್ತು. ಹೆಸರು ಹೇಳು."

ಎರಡು ಬಂತು. ಒಬ್ಬರು ಹಾಸ್ಟೆಲಿನಲ್ಲಿ ದಿನಾ ನಮಗೆ ಅಡುಗೆ ಮಾಡುತ್ತಿದ್ದವರು. ಇನ್ನೊಬ್ಬರು ಗೆಳೆಯನ ತಾಯಿ. ಅವರ ಹೆಸರು ಗೊತ್ತಿದ್ದದ್ದು ಕೂಡ ಅವನ ಅರ್ಜಿ ಫಾರಂ ಒಮ್ಮೆ ನಾನು ತುಂಬಿಕೊಟ್ಟಿದ್ದರಿಂದ. ಮೂರನೆಯದಕ್ಕೆ ಬಾಯಿ ತೆರೆದವನು ಹಾಗೇ ನಿಂತೆ. ಕುರ್ಚಿ ಬಾಡಿಗೆಯವರ ಹೆಸರು ಮಾತ್ರ ಇನಿಷಿಯಲ್ ಸಮೇತ ಬಾಯಲ್ಲಿತ್ತು.

ಟೀಚರ್ ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. "ರೋಮಾಪುರದವರಿಗೆ ಬರೆದ ಪತ್ರ, ಕೊನೇ ಅಧ್ಯಾಯ ತೆಗೀರಿ" ಅಂದರು.

ಆ 16ನೇ ಅಧ್ಯಾಯವನ್ನು ನಮ್ಮಲ್ಲಿ ಯಾರೂ ಓದುತ್ತಿರಲಿಲ್ಲ. ಬರೀ ಹೆಸರುಗಳು. ಪರೀಕ್ಷೆಗೂ ಬರುವುದಿಲ್ಲ. ಪತ್ರ ಬರೆದವನು ಪೌಲ, ಊರೂರು ತಿರುಗಿ ಯೇಸುವಿನ ಸುವಾರ್ತೆ ಸಾರಿದವನು. ಇಂಥವರಿಗೆ ವಂದನೆ, ಇಂಥವರಿಗೆ ವಂದನೆ ಎಂದು ಹೇಳುತ್ತಲೇ ಹೋಗುತ್ತಾನೆ. "ಇದು ಪೌಲನ ವಂದನಾರ್ಪಣೆ. ಹೆಂಗಸರನ್ನು ಎಣಿಸಿ" ಅಂದರು ಟೀಚರ್.

ಹತ್ತು ಜನ ಸಿಕ್ಕಿದರು. ಮೊದಲು ಫೊಯಿಬೆ. ಕೊರಿಂಥದ ಹತ್ತಿರದ ಕೆಂಖ್ರೆ ಎಂಬ ಬಂದರಿನ ಕ್ರೈಸ್ತ ಸಭೆಯ ಸೇವಕಿ. ಈ ಪತ್ರವನ್ನು ರೋಮಿಗೆ ತಲುಪಿಸಿದವಳು ಅವಳೇ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವಳು ನನಗೂ ಎಷ್ಟೋ ಜನಕ್ಕೂ ಆಸರೆಯಾಗಿದ್ದಳು, ಅವಳನ್ನು ಸೇರಿಸಿಕೊಳ್ಳಿ, ಏನು ಬೇಕೋ ನೋಡಿಕೊಳ್ಳಿ ಎಂದು ಪೌಲ ಕೇಳಿಕೊಳ್ಳುತ್ತಾನೆ. ಬೇರೆಯವರಿಗೆ ಬಾಗಿಲು ತೆರೆದವಳು ಈಗ ತಾನೇ ಇನ್ನೊಬ್ಬರ ಬಾಗಿಲಲ್ಲಿ ನಿಂತಿದ್ದಾಳೆ. ಆಮೇಲೆ ಪ್ರಿಸ್ಕ, ಗಂಡ ಅಕ್ವಿಲನ ಜತೆ. ಗುಡಾರ ಹೊಲಿಯುವ ದಂಪತಿ, ಅವರ ಮನೆಯಲ್ಲೇ ಸಭೆ ಸೇರುತ್ತಿತ್ತು. ಆಮೇಲೆ ಮರಿಯ, ಯೂನ್ಯ, ತ್ರುಫೈನ, ತ್ರುಫೋಸ, ಪೆರ್ಸೀಸ, ಯೂಲ್ಯ. ನೇರ್ಯನ ಸಹೋದರಿ, ಅಕ್ಕನೋ ತಂಗಿಯೋ ಮೂಲದಲ್ಲೇ ಇಲ್ಲ. ಯೂನ್ಯಳ ಕಥೆಯಂತೂ ಇನ್ನೂ ತಮಾಷೆ. ಅಪೊಸ್ತಲರಲ್ಲಿ, ಅಂದರೆ ಸುವಾರ್ತೆ ಸಾರಲು ಕಳುಹಿಸಲ್ಪಟ್ಟವರಲ್ಲಿ, ಹೆಸರಾದವಳು ಎಂದು ಇದೆ ನೋಡಿ, ಹೆಂಗಸು ಹಾಗಿರಲು ಸಾಧ್ಯವೇ ಎಂದು ಎಷ್ಟೋ ಅನುವಾದಗಳಲ್ಲಿ ಅವಳನ್ನು ಗಂಡಸು ಮಾಡಿಬಿಟ್ಟರು. ನಾಲ್ಕನೇ ಶತಮಾನದ ಧರ್ಮಬೋಧಕ ಯೋಹಾನ ಕ್ರಿಸೊಸ್ತೋಮನಿಗೆ ಮಾತ್ರ ಅವಳು ಹೆಂಗಸು ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

ಇನ್ನೊಬ್ಬಳು ರೂಫನ ತಾಯಿ. ಅವಳು ನನಗೂ ತಾಯಿ ಎಂದು ಪೌಲ ಬರೆಯುತ್ತಾನೆ. ಹೆಸರಿಲ್ಲ. ನಾನು ಸಿಕ್ಕಿತು ಅಂದುಕೊಂಡು ಕೈ ಎತ್ತಿದೆ. "ಟೀಚರ್, ಪೌಲನೂ ಒಬ್ಬರ ಹೆಸರು ಬಿಟ್ಟಿದ್ದಾನೆ."

"ಅಮ್ಮ ಅಂದಿದ್ದಾನಲ್ಲ. ಅಮ್ಮನ್ನ ಹೆಸರು ಹಿಡಿದು ಕರೆಯೋರು ಯಾರು? ಅವನಿಗೆ ಮಾಫಿ ಇದೆ. ನಿನಗಿಲ್ಲ. ಸಂಜೆಯೊಳಗೆ ಉಳಿದ ಏಳು ಹೆಸರು ಬೇಕು."

ಹೋದೆ. ವಂದನಾರ್ಪಣೆಯ ಚೀಟಿಯ ಹಿಂಬದಿಯಲ್ಲೇ ಬರೆದುಕೊಂಡೆ. ಅಡುಗೆಮನೆಯಲ್ಲಿ ಒಬ್ಬರು, "ನಮ್ಮ ಹೆಸರು ಯಾಕಪ್ಪಾ, ಏನಾದ್ರೂ ದೂರು ಬಂತಾ?" ಎಂದು ಕೇಳಿದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹೆಸರು ಕೇಳಿದರೆ ದೂರೇ ಇರಬೇಕು ಅನ್ನಿಸುವಷ್ಟು ವರ್ಷ ಅವರು ಅಲ್ಲಿ ದುಡಿದಿದ್ದರು. ಮರುದಿನ ಅಸೆಂಬ್ಲಿಯಲ್ಲಿ ಒಂಬತ್ತೂ ಹೆಸರು ಓದಿದೆ. ಅರ್ಧ ನಿಮಿಷ ಹಿಡಿಯಲಿಲ್ಲ.

ಈ ಟೀಚರ್ ಯಾರು ಎಂದು ನನ್ನ ಜತೆ ಓದಿದವರಿಗೆ ಹೇಳಬೇಕಾಗಿಲ್ಲ. ಬೈಬಲ್ ಪಾಠ ಅವರದು, ಹಾಸ್ಟೆಲ್ ನೋಡಿಕೊಳ್ಳುವುದೂ ಅವರದೇ. ಪಕ್ಕದ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಒಬ್ಬರೇ ಅನ್ನುವುದು ಬರೀ ಲೆಕ್ಕಕ್ಕೆ.

ನಾನು ಹಾಸ್ಟೆಲಿಗೆ ಬಂದ ಮೊದಲ ದಿನ ರಾತ್ರಿ ಹನ್ನೊಂದಾಗಿತ್ತು. ಗೇಟಿಗೆ ಬೀಗ. ಅಲ್ಲಾಡಿಸಿದೆ, ಕೂಗಿದೆ. ವಾಚ್‌ಮನ್ ಒಳಗಿನಿಂದಲೇ "ಬೆಳಿಗ್ಗೆ ಬಾ" ಅಂದ. ಟ್ರಂಕಿನ ಮೇಲೆ ಕೂತೆ, ಅಳುವುದೊಂದು ಬಾಕಿ. ಆಗ ಟಾರ್ಚಿನ ಬೆಳಕು ಕುಣಿಯುತ್ತ ಬಂತು, ಅದರ ಹಿಂದೆ ಟೀಚರ್. ಹೆಸರು ಕೇಳಲಿಲ್ಲ, ಯಾವ ಕ್ಲಾಸು ಅಂತಲೂ ಕೇಳಲಿಲ್ಲ. "ಊಟ ಆಯ್ತಾ?" ಅಂದರು.

ಅವರ ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿತ್ತು. ಅಂಚು ಒಂದು ಕಡೆ ನೆಗ್ಗಿತ್ತು. ಅದನ್ನು ಮಗುಚಿ ಬಡಿಸಿದರು. ಯಾರಿಗೋ ಇಟ್ಟದ್ದನ್ನು ನಾನು ಉಣ್ಣುತ್ತಿದ್ದೇನೆ ಅನ್ನಿಸಿ, "ಇದು ಯಾರದು?" ಎಂದೆ. "ನಿನ್ನದೇ" ಅಂದರು. ಆ ತಟ್ಟೆ ದಿನಾ ರಾತ್ರಿ ಅಲ್ಲೇ ಇರುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಯಾರೂ ಬಾರದಿದ್ದರೂ ಬೆಳಿಗ್ಗೆ ತೊಳೆದು ಒರೆಸಿ ಇಡುತ್ತಿದ್ದರು. ಯಾರೂ ಉಣ್ಣದ ತಟ್ಟೆ ಯಾಕೆ ತೊಳೀತೀರಿ ಎಂದು ಒಮ್ಮೆ ಕೇಳಿದ್ದೆ. ಏನೋ ದೊಡ್ಡ ಉತ್ತರ ಬರುತ್ತೆ ಅಂದುಕೊಂಡಿದ್ದೆ. "ಧೂಳು ಕೂತಿರುತ್ತಲ್ಲ" ಅಂದರು, ಅಷ್ಟೇ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಯೇಸುವಿನ ಶಿಷ್ಯ ಪೇತ್ರ ಸೆರೆಮನೆಯಿಂದ ಬಿಡುಗಡೆಯಾಗಿ ರಾತ್ರಿ ಬಂದು ಬಾಗಿಲು ತಟ್ಟುತ್ತಾನಲ್ಲ, ಆ ಪಾಠ ಮಾಡುವಾಗ ಟೀಚರ್ ನನ್ನ ಮುಖ ನೋಡಿ ನಗುತ್ತಿದ್ದರು. ಅದು ಮಾರ್ಕನ ತಾಯಿ ಮರಿಯಳ ಮನೆ. ಬಾಗಿಲಿಗೆ ಬಂದದ್ದು ರೋದೆ ಎಂಬ ಕೆಲಸದ ಹುಡುಗಿ. ಪೇತ್ರನ ದನಿ ಗುರುತು ಹಿಡಿದ ಖುಷಿಗೆ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದಳು. ಒಳಗಿದ್ದವರು ನಿನಗೆ ಹುಚ್ಚು ಅಂದರು. "ಅವರು ಒಳಗೆ ಕೂತು ಪೇತ್ರನಿಗಾಗಿಯೇ ಪ್ರಾರ್ಥನೆ ಮಾಡ್ತಿದ್ರು. ದೇವರು ಕೇಳಿಸಿಕೊಂಡ ಅಂತ ಹುಡುಗಿ ಬಂದು ಹೇಳಿದ್ರೆ ನಂಬಲ್ಲ" ಎಂದು ಟೀಚರ್ ತಲೆ ಆಡಿಸುತ್ತಿದ್ದರು.

ಇನ್ನೊಂದು ಕೆಂಪು ಪೆನ್ಸಿಲಿನ ಕಥೆ. ಪ್ರಬಂಧ ಸ್ಪರ್ಧೆಗೆ ನಾನು ಮಾರ್ಥ ಮರಿಯ ಎಂಬ ಅಕ್ಕತಂಗಿಯರ ಬಗ್ಗೆ ಬರೆದಿದ್ದೆ. ಯೇಸು ಮನೆಗೆ ಬಂದಾಗ ಮಾರ್ಥ ಉಪಚಾರದಲ್ಲಿ ಮುಳುಗಿದ್ದಳು, ಮರಿಯ ಅವರ ಪಾದದ ಬಳಿ ಕೂತು ಕೇಳುತ್ತಿದ್ದಳು, ಅವಳಿಗೂ ಕೆಲಸ ಹೇಳಿ ಎಂದು ಮಾರ್ಥ ದೂರಿದಳು. ಎಲ್ಲರೂ ಬರೆಯುವುದನ್ನೇ ಬರೆದಿದ್ದೆ: ಮಾರ್ಥ ಒಲೆಗೆ ಅಂಟಿಕೊಂಡವಳು, ಮರಿಯ ಭಕ್ತೆ, ನಾವು ಮರಿಯಳಂತಾಗೋಣ. ಟೀಚರ್ ಅಂಚಿನಲ್ಲಿ ಎರಡೇ ಪದ ಬರೆದಿದ್ದರು. "ಮನೆ ಯಾರದು?" ಕೆಳಗೆ ಇನ್ನೊಂದು ಸಾಲು: "ಇದನ್ನು ಬರೆದ ದಿನ ನಿನಗೆ ಬಡಿಸಿದವರು ಯಾರು?"

ಲೂಕನ ಸುವಾರ್ತೆ 10ನೇ ಅಧ್ಯಾಯ ಮತ್ತೆ ತೆಗೆದೆ. ಮಾರ್ಥ ಯೇಸುವನ್ನು ತನ್ನ ಮನೆಯಲ್ಲಿ ಇಳಿಸಿಕೊಂಡಳು ಎಂದೇ ಕಥೆ ಶುರು. ಮನೆ ಅವಳದು. ಬಾ ಎಂದವಳು ಅವಳು. ಅವಳು ಬಾಗಿಲು ತೆರೆಯದಿದ್ದರೆ ಮರಿಯ ಯಾರ ಪಾದದ ಬಳಿ ಕೂರಬೇಕಿತ್ತು? ಪಾದದ ಬಳಿ ಕೂರುವುದು ಆಗಿನ ಕಾಲಕ್ಕೆ ಶಿಷ್ಯನ ಜಾಗ. ತಾನು ಯೆಹೂದಿ ಧರ್ಮಗುರು ಗಮಲಿಯೇಲನ ಪಾದದ ಬಳಿ ಕಲಿತೆ ಎಂದು ಪೌಲ ಹೇಳುವುದೂ ಅದನ್ನೇ. ಆ ಜಾಗ ಮರಿಯಳದು, ಅದನ್ನು ಅವಳಿಂದ ಕಿತ್ತುಕೊಳ್ಳುವುದಿಲ್ಲ ಎಂದರು ಯೇಸು. ಇನ್ನು ಮಾರ್ಥ. ತಮ್ಮನೋ ಅಣ್ಣನೋ, ಲಾಜರ ಸತ್ತು ನಾಲ್ಕು ದಿನವಾದಾಗ ಯೇಸುವಿನ ಎದುರು ಹೋಗಿ, ನೀನೇ ಕ್ರಿಸ್ತ, ದೇವಕುಮಾರ ಎಂದವಳು ಇದೇ ಮಾರ್ಥ. ಯೋಹಾನನ ಸುವಾರ್ತೆ 11ನೇ ಅಧ್ಯಾಯದಲ್ಲಿದೆ. ಹೆಚ್ಚುಕಡಿಮೆ ಅದೇ ಮಾತು ಪೇತ್ರನ ಬಾಯಲ್ಲಿ ಬಂದದ್ದು ಎಲ್ಲರಿಗೂ ಬಾಯಿಪಾಠ. ಮಾರ್ಥ ಅಂದ ಕೂಡಲೇ ನಮಗೆ ನೆನಪಾಗುವುದು ಪಾತ್ರೆ ಸದ್ದು. ಅಕ್ಕತಂಗಿಯರನ್ನು ಜಗಳಕ್ಕೆ ಬಿಟ್ಟು ಪ್ರಸಂಗ ಮಾಡುವುದು ನಮ್ಮಂಥ ಗಂಡಸರಿಗೆ ಜಾಸ್ತಿ ಇಷ್ಟ ಅಂತ ಕಾಣುತ್ತದೆ.

ಟೀಚರ್ ಸುಮ್ನೆ ಬಡಿಸಿಕೊಂಡು ಇದ್ದವರಲ್ಲ. ಒಮ್ಮೆ ಹಾಲ್ ರಿಪೇರಿಯಲ್ಲಿದ್ದಾಗ ಒಂದು ಸಮಿತಿಯ ಮೀಟಿಂಗು ಅವರ ಮನೆಯ ಮುಂದಿನ ಕೋಣೆಯಲ್ಲಿ ನಡೆಯಿತು. ಹಾಸ್ಟೆಲಿನ ಊಟದ ಖರ್ಚಿನ ವಿಷಯ. ಕುರ್ಚಿ ಎತ್ತಿಡಲು ನಾವಿಬ್ಬರು ಹುಡುಗರು ಹೋಗಿದ್ದೆವು. ಎಲ್ಲರೂ ಕೂತ ಮೇಲೆ ಟೀಚರ್ ಒಳಗಿನಿಂದ ತಮಗೂ ಒಂದು ಕುರ್ಚಿ ತಂದು ಹಾಕಿ ಕೂತರು. ಹಿರಿಯರೊಬ್ಬರು ಮೆತ್ತಗೆ, "ನೀವು ಒಳಗಡೆ ನೋಡ್ಕೊಳ್ಳಿ ಅಮ್ಮಾ, ನಾವು ಮಾತಾಡಿ ಮುಗಿಸ್ತೇವೆ" ಅಂದರು.

"ಫಿಲಿಪ್ಪಿಯಲ್ಲಿ ಲುದ್ಯಳ ಮನೆಯಲ್ಲಿ ಸಭೆ ಸೇರ್ತಿತ್ತಲ್ಲ, ಆಗ ಲುದ್ಯ ಎಲ್ಲಿ ಕೂರ್ತಿದ್ದಳು?"

ಯಾರೂ ಮಾತಾಡಲಿಲ್ಲ. ಲುದ್ಯ ಥುವತೈರದವಳು, ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರ ಅವಳದು. ನಾನು ನಂಬಿದವಳು ಎಂದು ನಿಮಗೆ ಅನ್ನಿಸಿದರೆ ನನ್ನ ಮನೆಗೆ ಬಂದು ಇರಿ ಎಂದು ಪೌಲನಿಗೂ ಜತೆಯವರಿಗೂ ಪಟ್ಟು ಹಿಡಿದಳು. ಆಮೇಲೆ ಪೌಲ, ಸೀಲ ಇಬ್ಬರೂ ಛಡಿಯೇಟು ತಿಂದು, ಸೆರೆಮನೆ ಕಂಡು ಹೊರಬಂದಾಗ ನೇರವಾಗಿ ಹೋದದ್ದು ಅವಳ ಮನೆಗೇ. ಜೈಲಿನಿಂದ ಬಂದವರನ್ನು ಮನೆಗೆ ಸೇರಿಸಿಕೊಳ್ಳುವುದೆಂದರೆ ಊರಿನ ಅಧಿಕಾರಿಗಳ ಕಣ್ಣಿಗೆ ಬೀಳುವ ಕೆಲಸ. ಅದನ್ನು ತೀರ್ಮಾನ ಮಾಡಿದವಳು ಅವಳು. ಆವತ್ತು ಮೀಟಿಂಗಿನಲ್ಲಿ ಏನು ತೀರ್ಮಾನವಾಯಿತೋ ನನಗೆ ನೆನಪಿಲ್ಲ. ಕುರ್ಚಿ ಮಾತ್ರ ಕೊನೆಯವರೆಗೂ ಅಲ್ಲೇ ಇತ್ತು.

ಹಾಗಂತ ಅತಿಥಿ ಸತ್ಕಾರವೆಂದರೆ ಅವರಿಗೆ ಸದಾ ಹಬ್ಬ ಅಂದುಕೊಳ್ಳಬೇಡಿ. ಸುಸ್ತಾಗುತ್ತಿತ್ತು, ಸಿಡುಕುತ್ತಿದ್ದರು. ಗೊಣಗದೆ ಅತಿಥಿ ಸತ್ಕಾರ ಮಾಡಿ ಎಂದು ಪೇತ್ರನ ಮೊದಲ ಪತ್ರದಲ್ಲಿದೆ. ಅದನ್ನು ಓದುವಾಗ ಒಮ್ಮೆ, "ಜ್ವರ ಬಿಟ್ಟ ಕೂಡಲೇ ಎದ್ದು ಬಂದವರಿಗೆಲ್ಲ ಉಪಚಾರ ಮಾಡಿದ್ದು ಅವನ ಅತ್ತೆ. ಗೊಣಗಬೇಡಿ ಅಂತ ಬರೆಯೋದು ಇವನು" ಅಂದುಬಿಟ್ಟರು. ಆಮೇಲೆ ತಾವೇ ನಕ್ಕು, "ಇರಲಿ, ಅತ್ತೆಯನ್ನು ನೋಡಿಯೇ ಕಲಿತಿರಬೇಕು" ಎಂದು ಸೇರಿಸಿದರು.

ಕಾಲೇಜು ಬಿಟ್ಟ ಮೇಲೆ ನಾನು ಆಸ್ಪತ್ರೆಯೊಂದರ ಲೆಕ್ಕಪತ್ರ ವಿಭಾಗ ಸೇರಿದೆ. ಹಾಸ್ಟೆಲ್, ಹಾಸ್ಪಿಟಲ್ ಎರಡೂ ಒಂದೇ ಲ್ಯಾಟಿನ್ ಬೇರಿನಿಂದ ಬಂದವು, ಅತಿಥಿಯನ್ನು ಇಳಿಸಿಕೊಳ್ಳುವ ಜಾಗ ಎಂದು ಟೀಚರ್ ಪತ್ರ ಬರೆದಿದ್ದರು. ನಾಲ್ಕನೇ ಶತಮಾನದ ಕೊನೆಯಲ್ಲಿ ರೋಮಿನಲ್ಲಿ ಫಾಬಿಯೋಲ ಎಂಬ ಶ್ರೀಮಂತ ಹೆಂಗಸು ಆಸ್ತಿ ಮಾರಿ ಆಸ್ಪತ್ರೆ ಕಟ್ಟಿದಳು, ಬೀದಿಯ ರೋಗಿಗಳನ್ನು ತಾನೇ ಹೊತ್ತು ತರುತ್ತಿದ್ದಳು ಎಂದು ಆ ಕಾಲದ ಕ್ರೈಸ್ತ ವಿದ್ವಾಂಸ ಜೆರೋಮ್ ಬರೆದಿಟ್ಟದ್ದನ್ನೂ ಅದರಲ್ಲಿ ಹೇಳಿದ್ದರು. "ನೀನು ಬಿಲ್ ಬರೆಯುವ ಕಡೆ ಇದ್ದೀಯ. ನೋಡಿಕೊಂಡು ಬರಿ" ಎಂದು ಕೊನೆಯ ಸಾಲು. ನಮ್ಮಲ್ಲಿ ಏನಾದರೂ ಸಮಾರಂಭವಾದರೆ ಈಗಲೂ ವಂದನಾರ್ಪಣೆ ನನ್ನ ತಲೆಗೇ ಕಟ್ಟುತ್ತಾರೆ. ನಾನು ಮೊದಲು ಹೋಗುವುದು ಕ್ಯಾಂಟೀನಿನ ಹಿಂಬಾಗಿಲಿಗೆ, ಪೆನ್ನು ಹಿಡಿದುಕೊಂಡು.

ಕಳೆದ ವರ್ಷ ಟೀಚರನ್ನು ನೋಡಲು ಹೋಗಿದ್ದೆ. ಈಗ ಎದ್ದು ಓಡಾಡುವುದು ಕಷ್ಟ. ಬಾಗಿಲು ಚಿಲಕ ಹಾಕದೆ ಸುಮ್ನೆ ಮುಂದೆ ಮಾಡಿತ್ತು. ಮಂಚದಿಂದಲೇ "ಯಾರು ಅಂತ ಆಮೇಲೆ ಹೇಳು, ಮೊದಲು ಒಳಗೆ ಬಾ" ಅಂದರು. ಮೇಜಿನ ಮೇಲೆ ಅದೇ ತಟ್ಟೆ, ಬೋರಲು. ನೆಗ್ಗಿದ ಅಂಚು ನನ್ನ ಕಡೆಗಿತ್ತು. ಈ ಸಲ ನಾನೇ ಮಗುಚಿಕೊಂಡೆ, ಅವರಿಗೂ ಬಡಿಸಿದೆ.

ಊಟದ ನಡುವೆ, "ಆ ಒಂಬತ್ತು ಹೆಸರು ನೆನಪಿದೆಯಾ?" ಎಂದು ಕೇಳಿದರು.

ಚೀಟಿ ಯಾವತ್ತೋ ಕಳೆದುಹೋಗಿತ್ತು. ಬೆರಳು ಮಡಚುತ್ತ ಹೇಳಿದೆ. ಎಂಟು ಬಂತು. ಒಂಬತ್ತನೆಯದು ಬರಲೇ ಇಲ್ಲ. ಮುಖ ನೆನಪಿದೆ. ಆ ಒಂದು ದಿನಕ್ಕೆಂದು ಕರೆಸಿದ್ದವರು, ಬೆಳಗಿನಿಂದ ಸಂಜೆವರೆಗೆ ನೀರು ಹೊತ್ತರು, ಪಾತ್ರೆ ತಿಕ್ಕಿದರು. ನಾನು ಹೆಸರು ಕೇಳಿದಾಗ ಸೆರಗಿಗೆ ಕೈ ಒರೆಸಿಕೊಂಡು ಹೇಳಿದ್ದರು. ಹೆಸರು ಮಾತ್ರ ಇಲ್ಲ. ನೀವೇ ಹೇಳಿಬಿಡಿ ಟೀಚರ್ ಎಂದೆ. "ನನಗೆ ಗೊತ್ತು. ಆದರೆ ಹೇಳಲ್ಲ. ಹುಡುಕಿಕೊಂಡು ಬಾ" ಅಂದರು.

ಹಾಗಾಗಿ ಈ ಲೇಖನದಲ್ಲಿ ಆ ಎಂಟು ಹೆಸರೂ ಇಲ್ಲ. ಒಂಬತ್ತೂ ಸಿಕ್ಕ ಮೇಲೆ ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಹಾಕಬೇಕು ಅಂತಿದ್ದೇನೆ. ಟೀಚರ್ ಹೆಸರು ಆ ಪಟ್ಟಿಯ ಕೊನೆಗೆ ಬರಬೇಕಂತೆ, ಅದು ಅವರದೇ ಆಜ್ಞೆ. ಆ ವರ್ಷ ಹಾಸ್ಟೆಲಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ವಾರ್ಷಿಕೋತ್ಸವದ ದಿನ ನೀರು ಹೊತ್ತವರ ಹೆಸರು ನಿಮಗೆ ಗೊತ್ತಿದ್ದರೆ, ದಯವಿಟ್ಟು ಸಂಪಾದಕರಿಗೆ ಒಂದು ಸಾಲು ಬರೆದು ತಿಳಿಸಿ.