ಎಂಜಿನ್ ಎಂಬ ಕಗ್ಗಂಟು

ನಿದ್ದೆ ಬಾರದೆ ಚೀನಾದ ಜೆ-20 ಯುದ್ಧವಿಮಾನದ ಹಳೇ ವಿಡಿಯೊ ನೋಡ್ತಾ ಕೂತಿದ್ದೆ. 2011ರ ಜನವರಿ 11, ಚೀನಾದ ಚೆಂಗ್ಡು ನಗರ. ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬೀಜಿಂಗ್‌ನಲ್ಲಿ ಚೀನಾದ ಆಗಿನ ಅಧ್ಯಕ್ಷ ಹು ಜಿಂಟಾವೊ ಅವರನ್ನು ಭೇಟಿಯಾದ ದಿನವೇ ಇದರ ಮೊದಲ ಹಾರಾಟ. ನೆಂಟರು ಬಂದಾಗಲೇ ಹೊಸ ಬೈಕ್ ಸ್ಟಾರ್ಟ್ ಮಾಡಿ ತೋರಿಸಿದ ಹಾಗೆ!

ರೇಡಾರ್ ಕಣ್ಣಿಗೆ ಮಣ್ಣೆರಚುವ ಮೈಕಟ್ಟು ಬಂತು, ಎಂಜಿನ್ ಬರಲಿಲ್ಲ. ಮೊದಮೊದಲು ರಷ್ಯಾದ ಎಎಲ್-31, ಆಮೇಲೆ ಚೀನಾದ್ದೇ ಡಬ್ಲ್ಯುಎಸ್-10. ಇದಕ್ಕೆಂದೇ ಮಾಡಿದ ಡಬ್ಲ್ಯುಎಸ್-15 ಮಾತ್ರ ವರ್ಷಗಟ್ಟಲೆ ಸತಾಯಿಸಿತು. ಟರ್ಬೈನಿನ ಪುಟ್ಟ ಅಲಗುಗಳು ಲೋಹವೇ ಕರಗುವಷ್ಟು ಬಿಸಿಯಲ್ಲಿ ಗಿರಗಿರ ತಿರುಗಬೇಕಲ್ಲ! ವಿಮಾನದ ಆಕಾರವನ್ನು ಫೋಟೊ ನೋಡಿ ಊಹಿಸಬಹುದು. ಈ ವಿದ್ಯೆ ಫೋಟೊದಲ್ಲಿ ಕಾಣೋದಿಲ್ಲ. ತೇಜಸ್ ಯುದ್ಧವಿಮಾನಕ್ಕೆಂದೇ ಶುರುವಾಗಿ ಅದಕ್ಕೆ ಸೇರದೇ ಉಳಿದ ನಮ್ಮ ಬೆಂಗಳೂರಿನ ಕಾವೇರಿ ಎಂಜಿನ್ ಕಥೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೂ 2017ಕ್ಕೆ ಜೆ-20 ವಾಯುಪಡೆ ಸೇರಿತು. 2024ರ ನವೆಂಬರಿನಲ್ಲಿ ಚೀನಾದ ಝುಹೈ ವಿಮಾನ ಪ್ರದರ್ಶನಕ್ಕೆ ಜೆ-35ಎ ಅನ್ನೋ ಇನ್ನೊಂದು ಯುದ್ಧವಿಮಾನವೂ ಬಂತು. ಹೊಟ್ಟೆಕಿಚ್ಚು ಆಗಿದ್ದು ಆ ವೇಗ ನೋಡಿ. ನಮ್ಮ ತೇಜಸ್ ಮೊದಲು ಹಾರಿದ್ದು ಜೆ-20ಗಿಂತ ಹತ್ತು ವರ್ಷ ಮುಂಚೆ, 2001ರ ಜನವರಿಯಲ್ಲಿ.