ಹೊಸತೊಡಕಿಗೆ ಮಾವನಿಗೊಂದು ಬಾಟ್ಲು

ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಬಾಡು. ನಮ್ಮ ಕಡೆ, ಅಂದರೆ ಬೆಂಗಳೂರು, ರಾಮನಗರ, ಮಂಡ್ಯದ ಕಡೆ, ಹೊಸತೊಡಕು ಆಗದೆ ಯುಗಾದಿ ಮುಗಿಯುವುದಿಲ್ಲ. ಊರಲ್ಲಾದರೆ ನಾಲ್ಕಾರು ಮನೆಯವರು ಸೇರಿ ಮೇಕೆ ಕೊಯ್ದು ಗುಡ್ಡೆ ಮಾಂಸ ಹಾಕಿಕೊಳ್ಳುತ್ತಾರೆ. ಬೆಂಗಳೂರಲ್ಲಿ ಬೆಳಕು ಹರಿಯುವ ಮುಂಚೆಯೇ ಮೈಸೂರು ರಸ್ತೆಯ ಪಾಪಣ್ಣ ಮಟನ್ ಸ್ಟಾಲ್ ಮುಂದೆ ಕ್ಯೂ ನಿಲ್ಲುತ್ತದೆ. ಆ ಊಟದ ಜೊತೆ ಒಂದಿಷ್ಟು ಎಣ್ಣೆ ಇರುವುದೂ ಹೊಸದಲ್ಲ. ಕೆಲವು ಮನೆಗಳಲ್ಲಿ ಅದು ಕದ್ದುಮುಚ್ಚಿ ನಡೆಯುತ್ತದೆ. ನನ್ನ ಸೋದರಮಾವನ ಮನೆಯಲ್ಲಿ ಎದುರಿಗೇ.

ಮಾವ ಕೆಂಗೇರಿಯಲ್ಲಿದ್ದಾರೆ. ಬಸ್ ಡ್ರೈವರ್ ಆಗಿದ್ದರು. ಕೆಲಸಕ್ಕೆ ಸೇರಿದಾಗ ಅದು ಬಿಟಿಎಸ್, 1997ರಲ್ಲಿ ಬಿಎಂಟಿಸಿ ಆಯಿತು, ಆದರೆ ಅವರ ಬಾಯಲ್ಲಿ ಇವತ್ತಿಗೂ ಬಿಟಿಎಸ್ಸೇ. ಸರ್ವೀಸಿನ ಬಹುಪಾಲು ಓಡಿಸಿದ್ದು ಮೈಸೂರು ರಸ್ತೆಯಲ್ಲಿ. ಡ್ಯೂಟಿ ಇದ್ದ ದಿನ ಇರಲಿ, ಅದರ ಹಿಂದಿನ ರಾತ್ರಿ ಕೂಡ ಕುಡಿದವರಲ್ಲ. ವರ್ಷಕ್ಕೆ ಎರಡೇ ಸಲ: ಹೊಸತೊಡಕು, ಆಯುಧಪೂಜೆ. ಎರಡು ಪೆಗ್ ರಮ್ಮು, ಬಿಸಿನೀರು, ಅಷ್ಟೇ. ರಿಟೈರ್ ಆದ ಮೇಲೂ ಈ ಲೆಕ್ಕ ಬದಲಾಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ನಿಂತವರು ಇವರು. ನನ್ನ ಕಾಲೇಜ್ ಫೀಸು, ಮದುವೆ, ಬಾಣಂತನ, ಎಲ್ಲದರಲ್ಲೂ ಮಾವ ಇದ್ದರು. ವಾಪಸ್ ಏನು ಕೊಡಲು ಹೋದರೂ "ಯಾಕವ್ವ ದುಡ್ಡು ದಂಡ ಮಾಡ್ತೀಯ" ಅನ್ನುತ್ತಾರೆ. ಶರ್ಟು, ಪಂಚೆ ಮಡಿಕೆ ಬಿಚ್ಚದೆ ಬೀರು ಸೇರುತ್ತವೆ. ಅವರು ನಿಜವಾಗಿ ಇಷ್ಟಪಟ್ಟು ಅನುಭವಿಸುವಂಥದ್ದು ಒಂದಾದರೂ ಕೊಡಬೇಕು ಅಂತ ಬಹಳ ದಿನದಿಂದ ಇತ್ತು. 2025ರ ಯುಗಾದಿಗೆ ಒಳ್ಳೆಯ ಒಂದು ಬಾಟ್ಲು ಕೊಡೋಣ ಅಂತ ತೀರ್ಮಾನ ಮಾಡಿದೆ.

ಮೊದಲು ಫೋನ್ ಮಾಡಿದ್ದು ಅತ್ತೆಗೆ. ಇದನ್ನು ಯಾರಿಗೇ ಆದರೂ ಹೇಳುತ್ತೇನೆ. ಎಣ್ಣೆ ಕೊಡುವುದು ಅಂದರೆ ಒಬ್ಬರಿಗೆ ಕೊಡುವುದಲ್ಲ, ಆ ಮನೆಗೇ ಕೊಡುವುದು. ಮನೆಯೊಡತಿಗೆ ಗೊತ್ತಿಲ್ಲದೆ ಬಾಟ್ಲು ಒಳಗೆ ಹೋಗಬಾರದು. ಮಾವ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಅದನ್ನೂ ಕೇಳಬೇಕಿತ್ತು.

"ಅತ್ತೆ, ಮಾವನಿಗೆ ಹೊಸತೊಡಕಿಗೆ ಒಂದು ಒಳ್ಳೆ ವಿಸ್ಕಿ ತರ್ಲಾ? ಡಾಕ್ಟರು ಏನಾದ್ರೂ ಬೇಡ ಅಂದಿದ್ದಾರಾ?"

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಬ್ಬದಲ್ಲಿ ಎರಡು ಪೆಗ್ ಅಂತ ಡಾಕ್ಟರಿಗೂ ಗೊತ್ತು ಕಣಮ್ಮ. ಅದಕ್ಕಿಂತ ಜಾಸ್ತಿ ಆಗಬಾರದು ಅಂದವ್ರೆ. ಆದರೆ ಒಂದು ಮಾತು. ಯುಗಾದಿ ದಿನ ಮನೆಯೊಳಗೆ ತರಬೇಡ. ಪೂಜೆ ಮನೆ. ಮಾರನೇ ದಿನ ತಾ." ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳಿದರು: "ಜಾಸ್ತಿ ದುಡ್ಡಿಂದು ತರಬೇಡ. ಅದನ್ನ ಅವರು ತೆಗೆಯೋದೇ ಇಲ್ಲ."

ಅದು ನಿಜ. ಮಾವನ ಮಗ ಕುವೈತಿನಲ್ಲಿದ್ದಾನೆ. ರಜೆಗೆ ಬಂದಾಗ ಬೆಂಗಳೂರು ಏರ್‌ಪೋರ್ಟಿನ ಡ್ಯೂಟಿ ಫ್ರೀಯಲ್ಲಿ ಒಂದು ಬ್ಲ್ಯಾಕ್ ಲೇಬಲ್ ಸ್ಕಾಚ್ ವಿಸ್ಕಿ ತಂದಿದ್ದ. ಅದು ಟಿವಿ ಪಕ್ಕದ ಶೋಕೇಸಿನಲ್ಲಿ, ಮೊಮ್ಮಗಳ ಸ್ಕೂಲಿನ ಕಪ್ಪುಗಳ ಮಧ್ಯೆ, ಡಬ್ಬಿ ಸಮೇತ ನಿಂತುಬಿಟ್ಟಿದೆ. ಬಂದವರಿಗೆಲ್ಲ ತೋರಿಸುತ್ತಾರೆ. ಮುಚ್ಚಳ ಮಾತ್ರ ತಿರುಗಿಲ್ಲ. ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಫಾರಿನ್ ಬಾಟ್ಲು ಅಂದರೆ ಕುಡಿಯುವ ವಸ್ತು ಅಲ್ಲ, ಇಡುವ ವಸ್ತು. ಕೊಟ್ಟವರ ಪ್ರೀತಿಗೆ ಮರ್ಯಾದೆ ಅಂತಲೇ ಇಡುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೆ ನಾನು ಕೊಟ್ಟಿದ್ದು ಶೋಕೇಸಿಗೆ ಹೋಗಬಾರದು. ಅದನ್ನು ಮಾವ ಅವತ್ತೇ ತೆಗೆಯಬೇಕು.

ಅಲ್ಲಿಂದ ಯೋಚನೆ ಶುರುವಾಯಿತು. ವರ್ಷಕ್ಕೆ ಎರಡೇ ದಿನ ಕುಡಿಯುವವರಿಗೆ ಯಾವುದು ಸರಿ? ವೈನ್ ಆಗಲ್ಲ. ಬಿರಡೆ ತೆಗೆದ ವೈನ್ ಕೆಲವೇ ದಿನದಲ್ಲಿ ಕೆಡುತ್ತದೆ, ಮಾವ ಎರಡು ಗ್ಲಾಸ್ ಕುಡಿದು ಉಳಿದದ್ದನ್ನು ಚೆಲ್ಲಬೇಕಾಗುತ್ತದೆ. ವಿಸ್ಕಿ, ರಮ್ಮು, ಬ್ರಾಂದಿ ಹಾಗಲ್ಲ. ತೆಗೆದ ಮೇಲೂ ಮುಚ್ಚಳ ಬಿಗಿಯಾಗಿ ಹಾಕಿ, ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿದರೆ ತಿಂಗಳುಗಟ್ಟಲೆ ಇರುತ್ತದೆ. ಯುಗಾದಿಗೆ ತೆಗೆದದ್ದು ಆಯುಧಪೂಜೆಗೂ ಆಗುತ್ತದೆ. ಇನ್ನೊಂದು ವಿಷಯ ಹೇಳಲೇಬೇಕು. ವಿಸ್ಕಿ ಹಳೆಯದಾದಷ್ಟೂ ರುಚಿ ಅಂತ ಬಾಟ್ಲನ್ನು ವರ್ಷಗಟ್ಟಲೆ ಇಡುವವರಿದ್ದಾರೆ. ವಿಸ್ಕಿ ಹಣ್ಣಾಗುವುದು ಮರದ ಪೀಪಾಯಿಯಲ್ಲಿ ಮಾತ್ರ. ಗಾಜಿಗೆ ಇಳಿದ ಮೇಲೆ ಅದರ ವಯಸ್ಸು ನಿಂತುಹೋಗುತ್ತದೆ. ಶೋಕೇಸಿನಲ್ಲಿ ಇಟ್ಟು ಲಾಭವಿಲ್ಲ.

ರಮ್ಮೇ ಕೊಡೋಣ ಅಂತಲೂ ಅನ್ನಿಸಿತು. ಮಾವನ ಬ್ರ್ಯಾಂಡು ಓಲ್ಡ್ ಮಂಕ್, 1954ರಿಂದ ಇರುವಂಥದ್ದು, ಅಂದರೆ ಮಾವನಿಗಿಂತ ದೊಡ್ಡದು. ಆದರೆ ಅದನ್ನು ಅವರೇ ತರುತ್ತಾರೆ. ಸಾಮಾನ್ಯ ರಮ್ಮು ಮಾಡುವುದು ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ. ಬೆಲ್ಲದ ಸಾರಾಯಿ ಬೆರೆಸಿ ಮಾಡಿದ ಟೂ ಇಂಡೀಸ್ ಅನ್ನುವ ರಮ್ಮೊಂದಿದೆ. ಮದ್ದೂರು ಕಡೆಯ ಆಲೆಮನೆಯಲ್ಲಿ ಬೆಳೆದ ಮಾವನಿಗೆ ಬೆಲ್ಲದ್ದು ಅಂದರೆ ಖುಷಿಯಾಗುತ್ತಿತ್ತು. ನಾನು ಹೋದ ದಿನ ಅಂಗಡಿಯಲ್ಲಿ ಅದು ಇರಲಿಲ್ಲ.

ಅಂಗಡಿಗೆ ಹೋಗಿದ್ದು ಶನಿವಾರ ಮಧ್ಯಾಹ್ನ. ಸಂಜೆಯಾದರೆ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಏರಿಯಾದ ವೈನ್ ಶಾಪ್‌ಗೆ ಕಬ್ಬಿಣದ ಕಂಬಿ. ಕಂಬಿಯ ಸಂದಿಯಲ್ಲಿ ದುಡ್ಡು ಕೊಟ್ಟು, ಬ್ರ್ಯಾಂಡ್ ಹೆಸರು ಕೂಗಿ, ಕವರ್ ಹಿಡಿದು ಹೊರಡಬೇಕು. ಯೋಚನೆ ಮಾಡಿ ಆರಿಸುವುದಕ್ಕೆ ಅಲ್ಲಿ ವ್ಯವಸ್ಥೆ ಇಲ್ಲ, ಹೆಂಗಸರು ನಿಂತರೆ ಹತ್ತು ಜನ ತಿರುಗಿ ನೋಡುತ್ತಾರೆ. ಹಾಗಾಗಿ ಒಳಗೆ ಓಡಾಡಿ ಲೇಬಲ್ ಓದಬಹುದಾದ ದೊಡ್ಡ ಅಂಗಡಿಗೆ ಹೋದೆ. ಬೆಂಗಳೂರಲ್ಲಿ ಈಗ ಅಂಥವು ಬೇಕಾದಷ್ಟಿವೆ, ನನ್ನಂಥವರಿಗೆ ಅದು ದೊಡ್ಡ ಉಪಕಾರ.

"ಗಿಫ್ಟಾ ಮೇಡಂ?" ಅಂತ ಅಲ್ಲಿನ ಹುಡುಗ ಕೇಳಿದ. ಮಾವನ ಬಗ್ಗೆ ಹೇಳಿದೆ. ಅವನು ನೇರ ಸ್ಕಾಚ್ ಕಡೆ ಕರೆದುಕೊಂಡು ಹೋದ. ನಾನು ತಡೆದು, "ನಮ್ಮೂರಿಂದು ಯಾವುದಿದೆ?" ಅಂತ ಕೇಳಿದೆ.

ನನ್ನ ಮನಸ್ಸಿನಲ್ಲಿ ಆಗಲೇ ಒಂದಿತ್ತು, ಅಮೃತ್. ರಾಧಾಕೃಷ್ಣ ಜಗದಾಳೆ ಅನ್ನುವವರು 1948ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಕಂಪನಿ. ಮಿಲಿಟರಿ ಕ್ಯಾಂಟೀನಿಗೆ ರಮ್ಮು ಕೊಡುತ್ತಿದ್ದವರು. ಅವರ ಡಿಸ್ಟಿಲರಿ ಇರುವುದು ಕುಂಬಳಗೋಡು ಹತ್ತಿರದ ಕಂಬೀಪುರದಲ್ಲಿ, ಮೈಸೂರು ರಸ್ತೆ ಕಡೆಯೇ. ಮಾವ ತಮ್ಮ ಸರ್ವೀಸಿನಲ್ಲಿ ಆ ಕಡೆ ಎಷ್ಟು ಸಾವಿರ ಟ್ರಿಪ್ ಹೊಡೆದಿದ್ದಾರೋ! ಅಲ್ಲಿ ಕೆಲಸ ಮಾಡುವವರನ್ನು ಹತ್ತಿಸಿ ಇಳಿಸಿದ್ದಾರೆ. ಆದರೆ ಅಲ್ಲಿನ ಸಿಂಗಲ್ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದಲೇ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿ, ಒಂದು ಹನಿ ನಾಲಿಗೆಗೆ ಬಿದ್ದಿರಲಿಲ್ಲ. ಅದು ಮೊದಲು ಮಾರಾಟಕ್ಕೆ ಬಂದಿದ್ದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, 2004ರ ಆಗಸ್ಟಿನಲ್ಲಿ. ವಿಸ್ಕಿಯ ತವರಿಗೇ ಹೋಗಿ ತೋರಿಸಿ, ಅಲ್ಲಿ ಹೆಸರಾದ ಮೇಲೆ ನಮ್ಮೂರಿನ ಅಂಗಡಿಗೆ ಬಂತು. ಅವರ ಫ್ಯೂಷನ್ ಅನ್ನುವ ವಿಸ್ಕಿಗೆ ಜಿಮ್ ಮರ್ರೆ ಅನ್ನುವ ಇಂಗ್ಲಿಷ್ ವಿಮರ್ಶಕ 2010ರ ಪಟ್ಟಿಯಲ್ಲಿ 97 ಅಂಕ ಕೊಟ್ಟು, ಜಗತ್ತಿನಲ್ಲಿ ಮೂರನೆಯದು ಅಂತ ಬರೆದ.

ಎರಡು ಬಾಟ್ಲು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಒಂದು ಸಾದಾ ಸಿಂಗಲ್ ಮಾಲ್ಟ್, ಇನ್ನೊಂದು ಫ್ಯೂಷನ್. ಮಾವ ಕುಡಿಯುವ ರಮ್ಮಿನಲ್ಲಿ ಮದ್ಯಸಾರ 42.8 ಪರ್ಸೆಂಟ್. ಸಾದಾದಲ್ಲಿ 46, ಫ್ಯೂಷನ್ನಿನಲ್ಲಿ 50. ಅರವತ್ತು ದಾಟಿದ, ಬಿಪಿ ಇರುವ ಮನುಷ್ಯನಿಗೆ 50 ಕೊಡಬೇಕಾ ಅಂತ ನಿಜವಾಗಿ ಯೋಚಿಸಿದೆ. ಆದರೆ ಫ್ಯೂಷನ್ನಿನಲ್ಲಿ ಹೊಗೆಯ ವಾಸನೆ ಇದೆ. ಅದರಲ್ಲಿ ನಮ್ಮ ದೇಶದ ಬಾರ್ಲಿಯ ಜೊತೆ, ಸ್ಕಾಟ್ಲೆಂಡಿನಲ್ಲಿ ಪೀಟ್ ಉರಿಸಿ ಒಣಗಿಸಿದ ಬಾರ್ಲಿಯೂ ಸೇರುತ್ತದೆ. ಪೀಟ್ ಅಂದರೆ ಅಲ್ಲಿನ ಜೌಗು ನೆಲದಿಂದ ಅಗೆದು ತೆಗೆಯುವ ಉರುವಲು. ಆ ಹೊಗೆ ಕಾಳಿಗೆ ಹತ್ತಿ ಬಾಟ್ಲಿನವರೆಗೂ ಬರುತ್ತದೆ, ನಾವು ತಲೆಕಾಲು ಸುಟ್ಟಾಗ ಆ ವಾಸನೆ ಸಾರಿಗೆ ಇಳಿಯುವ ಹಾಗೆ. ತಲೆಕಾಲು ಸಾರು ಅಂದರೆ ಪ್ರಾಣ ಬಿಡುವ ಮಾವನಿಗೆ ಇದು ಹಿಡಿಸುತ್ತದೆ ಅನ್ನಿಸಿತು. ಪೆಗ್ ಚಿಕ್ಕದು ಮಾಡಿ ನೀರು ಜಾಸ್ತಿ ಹಾಕಿದರೆ 50ರದ್ದೂ ಸೌಮ್ಯವಾಗುತ್ತದೆ. ಫ್ಯೂಷನ್ನೇ ತೆಗೆದುಕೊಂಡೆ. ಬೆಲೆ ಮಾವನ ರಮ್ಮಿನ ಹಲವು ಪಟ್ಟು. ಬೆಲೆ ಚೀಟಿ ಇದ್ದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು, ಬಾಟ್ಲು ಮಾತ್ರ ಒಂದು ಬಟ್ಟೆ ಚೀಲಕ್ಕೆ ಹಾಕಿದೆ. ಡಬ್ಬಿ ಕಂಡರೆ ಶೋಕೇಸ್ ನೆನಪಾಗುತ್ತದೆ. ಮುಚ್ಚಳದ ಸೀಲು, ಅಬಕಾರಿ ಇಲಾಖೆಯ ಲೇಬಲ್ ಸರಿ ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಂಡಿದ್ದೆ. ಕೊಡುಗೆ ಕೊಡುವಾಗ ಇದನ್ನು ಬಿಡಬಾರದು.

ಯುಗಾದಿ ಭಾನುವಾರ, ಹೊಸತೊಡಕು ಸೋಮವಾರ. ಆ ವರ್ಷ ರಂಜಾನ್ ಕೂಡ ಅದೇ ಸೋಮವಾರ ಬಿದ್ದಿತ್ತು. ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ಹೊಸ ಬಟ್ಟೆ ಹಾಕಿಕೊಂಡು ನಮಾಜಿಗೆ ಹೊರಟವರು, ಮಟನ್‌ಗೆ ಚೀಲ ಹಿಡಿದು ನಿಂತವರು, ಎಲ್ಲರೂ ಒಂದೇ ರಸ್ತೆಯಲ್ಲಿ. ನಾವು ಕೆಂಗೇರಿ ಸೇರುವ ಹೊತ್ತಿಗೆ ಮನೆಯ ತುಂಬ ಬೋಟಿ ಗೊಜ್ಜಿನ ವಾಸನೆ.

ಮಾವನ ಮನೆಯಲ್ಲಿ ಒಂದು ನಿಯಮ ಇದೆ. ಕುಡಿಯುವವರು ಮೊದಲು ಗಾಡಿ ಕೀ ತಂದು ಅತ್ತೆಯ ಕೈಗೆ ಕೊಡಬೇಕು. ಅದನ್ನು ಅತ್ತೆ ಸಾಸಿವೆ ಡಬ್ಬಿಯ ಪಕ್ಕ ಇಡುತ್ತಾರೆ, ರಾತ್ರಿ ಕಳೆದ ಮೇಲೇ ವಾಪಸ್. ನನ್ನ ಗಂಡನ ಕೀಯೂ ಹೋಯಿತು. ಮಾವನ ವಿಷಯದಲ್ಲಿ ನನಗೆ ಅತಿ ಹೆಮ್ಮೆ ಇರುವುದು ಇದಕ್ಕೇ.

ಚೀಲ ಕೊಟ್ಟೆ. ಬಾಟ್ಲು ಹೊರಗೆ ತೆಗೆದು, ಕನ್ನಡಕ ಹಾಕಿಕೊಂಡು ಲೇಬಲ್ ಓದಿದರು. ಬೆಂಗಳೂರು ಅನ್ನುವ ಹೆಸರು ಕಂಡಿತು.

"ಇದು ನಮ್ಮ ಕಂಬೀಪುರದ್ದಾ?"

"ಹೌದು ಮಾವ. ನಿಮ್ಮ ರೂಟಿಂದೇ."

"ನಮ್ಮ ಫಸ್ಟ್ ಶಿಫ್ಟಿನ ಜನ ಮಾಡಿದ್ದು ಅನ್ನು!" ಅಂತ ಹೇಳಿ ಮುಚ್ಚಳಕ್ಕೆ ಕೈ ಹಾಕಿಯೇ ಬಿಟ್ಟರು. ಬೆಲೆ ಕೇಳಲಿಲ್ಲ. ಶೋಕೇಸಿನ ಕಡೆ ತಿರುಗಲೂ ಇಲ್ಲ. ನನಗೆ ಆದ ಸಂತೋಷ ಹೇಗೆ ಹೇಳಲಿ!

ಬಿಸಿನೀರು ಬೇಡ, ಮೊದಲು ಸ್ವಲ್ಪ ತಣ್ಣೀರಲ್ಲಿ ನೋಡಿ ಅಂದೆ. ಚಿಕ್ಕ ಪೆಗ್, 30 ಎಂಎಲ್. ಮೂಸಿದರು. ಹೊಗೆ ಸಿಕ್ಕಿತು. ಅವರಿಗೆ ಅದಕ್ಕಿಂತ ಹಿಡಿಸಿದ್ದು ಅದನ್ನು ಮಾಡುವ ಬಗೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾಗಿ ಹೋದರೆ, ನಮ್ಮ ಬೆಂಗಳೂರಿನ ಹವೆಯಲ್ಲಿ 10ರಿಂದ 12 ಪರ್ಸೆಂಟ್ ಹೋಗುತ್ತದೆ. ಅದೇ ಬಿಸಿ ಹವೆಯಿಂದ ವಿಸ್ಕಿ ಇಲ್ಲಿ ಬೇಗ ಹಣ್ಣೂ ಆಗುತ್ತದೆ, ಅಲ್ಲಿಯ ಹಾಗೆ ಹನ್ನೆರಡು ವರ್ಷ ಕಾಯಬೇಕಿಲ್ಲ. ಇದನ್ನು ಹೇಳಿದಾಗ ಮಾವ ಗ್ಲಾಸ್ ಕೆಳಗಿಟ್ಟು ಕೂತರು. "ನೂರು ಲೀಟರಿಗೆ ವರ್ಷಕ್ಕೆ ಹತ್ತು ಲೀಟರ್ ಗಾಳಿಗಾ? ಡಿಪೋದಲ್ಲಿ ಡೀಸೆಲ್ ಹಂಗೆ ಕಮ್ಮಿ ಬಂದಿದ್ರೆ ನಮ್ಮನ್ನ ಮನೆಗೆ ಕಳಿಸೋರು" ಅಂದರು. ಆಮೇಲೆ ಐದು ವರ್ಷಕ್ಕೆ ಎಷ್ಟು ಉಳಿಯುತ್ತದೆ ಅಂತ ಬೆರಳಲ್ಲೇ ಲೆಕ್ಕ ಹಾಕಿದರು. ಆ ಬೆಲೆ ಯಾಕೆ ಅಂತ ನಾನು ಹೇಳಬೇಕಾಗಲೇ ಇಲ್ಲ.

ಎರಡನೇ ಪೆಗ್ಗಿಗೆ ಏನು ತೋಚಿತೋ, "ಆ ಬ್ಲ್ಯಾಕ್ ಲೇಬಲ್ ತೆಗಿ, ಅದೂ ಒಂಚೂರು ನೋಡೋಣ" ಅಂದರು. ಅತ್ತೆ ನನ್ನ ಮುಖ ನೋಡಿದರು. ಕಪ್ಪುಗಳನ್ನು ಸರಿಸಿ ನಾನೇ ತೆಗೆದುಕೊಟ್ಟೆ. ಎರಡೂ ಅರ್ಧರ್ಧ ಹಾಕಿಕೊಂಡು, ಒಂದೊಂದು ಗುಟುಕು ಬದಲಾಯಿಸಿ ನೋಡಿದರು. ಕುವೈತಿನ ಮಗನಿಗೆ ವಿಡಿಯೋ ಕಾಲ್ ಹೋಯಿತು. "ನಿಂದು ನುಣ್ಣಗಿದೆ ಕಣೋ. ಕಂಬೀಪುರದ್ದು ಒರಟು, ಆದರೆ ಬಾಯಲ್ಲಿ ನಿಲ್ಲುತ್ತೆ" ಅಂದರು. ಅವನು ಅಲ್ಲಿ ಕೂತು ನಗುತ್ತಿದ್ದ.

ಊಟಕ್ಕೆ ಕೂತಾಗ ಮಾತ್ರ ಒಂದು ತೀರ್ಪು ಕೊಟ್ಟರು. ಮುದ್ದೆ, ಬೋಟಿ ಗೊಜ್ಜಿಗೆ ರಮ್ಮೇ ಸರಿ, ಖಾರದ ಮುಂದೆ ಈ ವಿಸ್ಕಿಯ ರುಚಿ ಕಾಣುವುದಿಲ್ಲ, ಇದು ಊಟಕ್ಕೆ ಮುಂಚೆ ಮಾತಾಡುತ್ತಾ ಕುಡಿಯುವಂಥದ್ದು. ನನಗೂ ಅದು ಸರಿ ಅನ್ನಿಸಿತು. ಮುಂದಿನ ಸಲ ಕೊಡುವಾಗ ಊಟ ಏನು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಹೊರಡುವಾಗ ಮಾವ, "ಆಯುಧಪೂಜೆಗೆ ಏನೂ ತರಬೇಡ, ಇದರಲ್ಲೇ ಆಗುತ್ತೆ. ಬೇಕಾದ್ರೆ ನಿಮ್ಮತ್ತೆಗೆ ಏನಾದ್ರೂ ತಾ" ಅಂದರು. ಅತ್ತೆ ಬೇಡ ಅನ್ನಲಿಲ್ಲ. ಹಳೇ ಬಾಡಿಗೆ ಮನೆಯಲ್ಲಿದ್ದಾಗ ಪಕ್ಕದ ಮನೆಯ ಕ್ರಿಶ್ಚಿಯನ್ ಅಜ್ಜಿ ಕ್ರಿಸ್‌ಮಸ್‌ಗೆ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ಕೊಡುತ್ತಿದ್ದರಂತೆ, ಒಂದು ಲೋಟ ಕುಡಿದರೆ ಒಳ್ಳೆ ನಿದ್ದೆ ಬರುತ್ತಿತ್ತಂತೆ. ಸಿಹಿ ಇರಬೇಕು, ಒಗರು ಬೇಡ ಅಂದರು. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ಸಿಹಿ ವೈನ್‌ಗಳಿವೆ, ನಮ್ಮ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ಬೆಳೆಯುವ ಆ ಕಪ್ಪು ದ್ರಾಕ್ಷಿಗೆ 2013ರಲ್ಲಿ ಜಿಐ, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಗುರುತೂ ಸಿಕ್ಕಿದೆ. ಚಿಕ್ಕ ಬಾಟ್ಲೇ ಆಗಬೇಕು, ಅತ್ತೆ ಒಬ್ಬರೇ ಕುಡಿಯುವುದು. ಅದನ್ನು ಹುಡುಕಬೇಕು.